ಬೈರಣ್ಣನ ಹನ್ನೊಂದು ಸಾವಿರ ಓದುಗರು

ಕಲ್ಯಾಣದುರ್ಗದ ಕುರಿ ಬೈರಣ್ಣನಿಗೆ ಈ ಲೋಕದಲ್ಲಿ ಮೂರು ಬಗೆಯ ಪ್ರಾಣಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ತೋಳ, ಇನ್ನೊಂದು ಕುರಿ ದಲ್ಲಾಳಿ, ಮೂರನೆಯದು ಫೇಸ್‌ಬುಕ್ಕಿನಲ್ಲಿ ತನ್ನನ್ನು ಓದುವ ಜನ. ತೋಳ ಬಂದರೆ ಒಂದು ಕುರಿ ಹೊತ್ತುಕೊಂಡು ಹೋಗುತ್ತದೆ, ದಲ್ಲಾಳಿ ಬಂದರೆ ಹತ್ತು. ಓದುಗ ಏನನ್ನೂ ಒಯ್ಯುವುದಿಲ್ಲ, 'ಸೂಪರ್ ಅಣ್ಣ' ಎಂದು ಒಂದು ಹಿಕ್ಕೆ ಹಾಕಿ ಹೋಗುತ್ತಾನೆ. ಕುರಿ ಹಾಕಿದ ಹಿಕ್ಕೆಯಿಂದ ಹೊಲಕ್ಕಾದರೂ ಬಲ ಬರುತ್ತದೆ, ಇವರು ಹಾಕಿದ್ದರಿಂದ ಒಂದು ಹುಲ್ಲುಕಡ್ಡಿಯೂ ಹುಟ್ಟುವುದಿಲ್ಲ ಎಂಬುದು ಅವನ ದೂರು.

ಬೈರಣ್ಣ ಮೂವತ್ತೆರಡು ವರ್ಷ ಕುರಿ ಹಿಂದೆ ನಡೆದವನು. ಆ ನಡಿಗೆಯನ್ನು ಒಂದೇ ಗೆರೆಗೆ ಎಳೆದಿದ್ದರೆ ಚಂದ್ರಲೋಕ ಮುಟ್ಟಿ, ಅಲ್ಲಿ ಮೇವಿಲ್ಲವೆಂದು ಬೈದುಕೊಂಡು, ವಾಪಸು ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿಗೆ ಬಂದು ಟೀ ಕುಡಿಯುವಷ್ಟಾಗುತ್ತಿತ್ತು. ಸಂಕ್ರಾಂತಿ ಕಳೆದದ್ದೇ ಇನ್ನೂರರ ಹತ್ತಿರ ಕುರಿ ಹೊಡೆದುಕೊಂಡು ಹೊರಡುವುದು. ಪೆನುಕೊಂಡದ ಕೋಟೆಯ ಬುಡದಲ್ಲಿ ಹಾದು, ಕಾರು ಫ್ಯಾಕ್ಟರಿಯ ಗೋಡೆಯ ಪಕ್ಕದ ಹುಲ್ಲು ಮೇಯಿಸಿ, ಹಿಂದೂಪುರದ ಸುತ್ತಲ ಹಳ್ಳಿಗಳಲ್ಲಿ ಬೇಸಿಗೆ ಕಳೆದು, ಮೊದಲ ಮಳೆಗೆ ಊರ ದಾರಿ ಹಿಡಿಯುವುದು. ಸಂಜೆಯಾದರೆ ಯಾರಾದರೂ ರೈತನ ಖಾಲಿ ಹೊಲದಲ್ಲಿ ಬಲೆ ಕಟ್ಟಿ ಮಂದೆ ನಿಲ್ಲಿಸಬೇಕು. ರಾತ್ರಿಯೆಲ್ಲ ಕುರಿಗಳು ಅಲ್ಲೇ ಮಲಗಿ ಹಿಕ್ಕೆ, ಗಂಜಲ ಬಿಡುತ್ತವೆ, ಹೊಲಕ್ಕೆ ಗೊಬ್ಬರ. ಬದಲಿಗೆ ರೈತ ಊಟ ಹಾಕಿ, ಒಂದೆರಡು ಸೇರು ರಾಗಿ ಕೊಟ್ಟು ಕಳಿಸುತ್ತಾನೆ. ಬೈರಣ್ಣನ ಮಂದೆ ಮಲಗಿದ ಹೊಲದಲ್ಲಿ ಊರುಗೋಲು ಮರೆತು ಹೋದ ಮುದುಕನೊಬ್ಬ ವಾರ ಬಿಟ್ಟು ಬಂದಾಗ ಅದು ಚಿಗುರಿ ನಿಂತಿತ್ತಂತೆ. ಇದನ್ನು ಹೇಳಿದವನು ಬೈರಣ್ಣನೇ, ಆದ್ದರಿಂದ ಅನುಮಾನಕ್ಕೆ ಜಾಗವಿಲ್ಲ.

ಎಂಟು ವರ್ಷದ ಕೆಳಗೆ ತಮ್ಮನ ಮಗಳು ಸುಷ್ಮಾ ಅವನ ಕೈಗೊಂದು ಫೋನು ಕೊಟ್ಟು 'ಮಂದೆ ಬೈರಣ್ಣ' ಎಂಬ ಪೇಜು ಮಾಡಿಕೊಟ್ಟಳು. ಫೋನಿಗೆ ಕರೆಂಟು ಬೇಕಲ್ಲ, ಪಾತ್ರೆ ಕಂಬಳಿ ಹೊರುವ ಕತ್ತೆಯ ಬೆನ್ನಿಗೆ ಸೋಲಾರ್ ಹಲಗೆ ಕಟ್ಟಿದ. ಕತ್ತೆಯ ಹೆಸರು ಸರ್ಪಂಚ್. ಮೋಡ ಕವಿದ ದಿನ ಸಾಹಿತ್ಯ ಬಂದ್. ಸರ್ಪಂಚ್ ಮರದ ನೆರಳಿಗೆ ಹೋಗಿ ನಿಂತರೂ ಬಂದ್.

ಬೈರಣ್ಣ ಬರೆಯುತ್ತಿದ್ದುದಕ್ಕೆ ಒಂದು ಕ್ರಮವಿತ್ತು. ಮೊದಲಿಗೆ ಇವತ್ತು ಇಂಥ ಊರು, ಇಂಥವರ ಹೊಲ, ನೀರು ಇಂಥ ಕಡೆ, ನಾಳೆ ಇಂಥ ದಿಕ್ಕು ಎಂದು ಎರಡು ಸಾಲು. ಕಾಗದದ ತಲೆಯ ಮೇಲೆ ತಾರೀಕು ಬರೆದ ಹಾಗೆ ಅದು, ಅವನ ಲೆಕ್ಕದಲ್ಲಿ ಅದಕ್ಕೆ ಬೆಲೆಯಿರಲಿಲ್ಲ. ಆಮೇಲೆ ಚಂದ್ರ ಬರುತ್ತಿದ್ದ. ಬಂದ ಚಂದ್ರ ಮೂರು ಪುಟ ಬಿಟ್ಟು ಕದಲುತ್ತಿರಲಿಲ್ಲ. ಅಮಾವಾಸ್ಯೆಯ ದಿನ, ಬಾರದೆ ಹೋದ ಚಂದ್ರನ ಬಗ್ಗೆ ನಾಲ್ಕು ಪುಟ. ತೆಲುಗು ಕುರಿ ಬೈಯುವುದಕ್ಕೆ, ಕನ್ನಡ ಚಂದ್ರನಿಗೆ ಎಂದು ಭಾಷೆಗಳನ್ನೂ ಅವನು ಹಂಚಿಟ್ಟಿದ್ದ.

ಓದುಗರು ಹನ್ನೊಂದು ಸಾವಿರ ಆದರು. ಬೈರಣ್ಣ ಚಂದ್ರನನ್ನು ಹಿಂಡಿ ಹಾಲು ಕರೆದ ದಿನವೂ ಕೆಳಗೆ ಮೊದಲ ಮಾತು ಒಂದೇ: 'ಅಣ್ಣಾ, ಟಗರು ರೇಟ್ ಎಷ್ಟು?' ಎರಡನೆಯ ಜಾತಿಯವರು ಇನ್ನೂ ಹದಗೆಟ್ಟವರು, ಅವರಿಗೆ ಇವನ ಬಾಳೆಲ್ಲ ನೆಮ್ಮದಿಯಾಗಿ ಕಾಣುತ್ತಿತ್ತು. ಪೆನುಕೊಂಡದಲ್ಲಿ ಆಲಿಕಲ್ಲು ಬಿದ್ದ ರಾತ್ರಿ ಒಂದೇ ಕಂಬಳಿಯ ಕೆಳಗೆ ಏಳು ಮರಿ, ಒಂದು ನಾಗರಹಾವು ಮತ್ತು ಬೈರಣ್ಣ ಬೆಳಗಿನ ತನಕ ಉಸಿರು ಹಿಡಿದು ಕೂತಿದ್ದರು. ಇದ್ದವರಲ್ಲಿ ಹಾವೊಂದೇ ಮರ್ಯಾದೆಯಿಂದ ನಡೆದುಕೊಂಡಿತು. ಅದನ್ನು ಬರೆದರೆ ಮುನ್ನೂರು ಮಂದಿ 'ನೆಮ್ಮದಿ ಅಂದ್ರೆ ಇದು ಅಣ್ಣ, ಒಂದು ದಿನ ಎಲ್ಲ ಬಿಟ್ಟು ನಿಮ್ಮ ಜೊತೆ ಬಂದ್ಬಿಡ್ತೀನಿ' ಎಂದರು. ಹಾಗೆ ಎಲ್ಲ ಬಿಟ್ಟು ಬರುತ್ತೇನೆಂದವರನ್ನು ಬೈರಣ್ಣ ಒಂದು ಹಗಲು ಕೂತು ಎಣಿಸಿದ. ಮತ್ತೆ ಮತ್ತೆ ಬರೆದವರನ್ನು ಒಂದೇ ಸಲ ಹಿಡಿದರೂ, ನಾನೂರ ಹನ್ನೆರಡು. ಇಷ್ಟೂ ಜನ ನಿಜಕ್ಕೂ ಬಂದಿದ್ದರೆ ಒಂದು ಕುರಿಗೆ ಇಬ್ಬರು ಕುರುಬರಾಗಿ, ಮಿಕ್ಕವರು ಸರ್ಪಂಚನ ಕಾಲೊತ್ತಬೇಕಾಗುತ್ತಿತ್ತು.

ಈ ವರ್ಷ ಕೊಡಿಕೊಂಡದ ಚೆಕ್‌ಪೋಸ್ಟ್ ದಾಟುವಾಗ ಬೈರಣ್ಣನ ಮಂಡಿಗಳು ಕೈಕೊಟ್ಟವು. ಎಡ ಮಂಡಿ ತೆಲುಗಿನಲ್ಲೂ ಬಲ ಮಂಡಿ ಕನ್ನಡದಲ್ಲೂ ಅಳತೊಡಗಿದವು. ಹಿಂದೂಪುರದ ಡಾಕ್ಟರು ಇನ್ನು ಬಚ್ಚಲಿಗೆ ನಡೆದರೆ ಅದೇ ಹೆಚ್ಚು ಎಂದರು. ನೂರೆಂಬತ್ತು ಕುರಿಗೆ ಮುಂದೊಬ್ಬ, ಹಿಂದೊಬ್ಬ ಇರಲೇಬೇಕು. ಜೊತೆಗಿದ್ದವನು ಹೆಂಡತಿಯ ತಮ್ಮ ಮುತ್ಯಾಲಪ್ಪ, ದಿನಕ್ಕೆ ಆರು ಮಾತಾಡುವ ಮನುಷ್ಯ. ಅವನೊಬ್ಬನಿಂದ ಆಗುವ ಕೆಲಸವಲ್ಲ. ಕಲ್ಯಾಣದುರ್ಗದಿಂದ ಹೆಂಡತಿ ಶಿವಲಕ್ಷ್ಮಮ್ಮ ಫೋನಿನಲ್ಲೇ ತೀರ್ಮಾನ ಹೇಳಿದಳು: ಸೋಮವಾರ ಬೆಳಿಗ್ಗೆ ದಲ್ಲಾಳಿಯ ಲಾರಿ ಬರುತ್ತದೆ, ಕುರಿ ಹತ್ತಿಸಿ ಬಸ್ಸು ಹಿಡಿದು ಮನೆಗೆ ಬರುವುದು. ಲಾರಿ ಹತ್ತಿದ ಕುರಿ ಯಾವ ಅಂಗಡಿಯ ಕೊಕ್ಕೆಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಮೂವತ್ತೆರಡು ವರ್ಷದಿಂದ ಅದು ಒಂದೇ ಮಂದೆ. ಮೊದಲ ವರ್ಷದ ಕುರಿಗಳ ಮೊಮ್ಮಕ್ಕಳ ಮೊಮ್ಮಕ್ಕಳು ಈಗ ನಡೆಯುತ್ತಿದ್ದವು. ಮುಂದೆ ಹೋಗುವ ಮೊಂಡಿ ಎಂಬ ಕುರಿಗೆ ತನ್ನ ಅವ್ವ, ಅಜ್ಜಿ ತಿರುಗಿದ ತಿರುವುಗಳೆಲ್ಲ ಕಾಲಲ್ಲೇ ಇದ್ದವು. ಅದನ್ನು ಲಾರಿಗೆ ಹತ್ತಿಸುವುದೆಂದರೆ ಬೈರಣ್ಣನಿಂದ ಆಗುವ ಮಾತಾಗಿರಲಿಲ್ಲ. ಆದರೆ ಅವನು ಅದನ್ನು ಯಾರಿಗೂ ಹೇಳಲಿಲ್ಲ. ಬದಲಿಗೆ ಗುರುವಾರ ಪೇಜಿನಲ್ಲಿ ಹೀಗೆ ಬರೆದ: 'ತಿರುಗಾಟ ಮುಗಿಯಿತು. ಎಲ್ಲ ಬಿಟ್ಟು ಬರುತ್ತೇವೆ ಅಂತ ನಾನೂರ ಹನ್ನೆರಡು ಮಂದಿ ಹೇಳಿದ್ದೀರಿ. ನನಗೆ ಒಬ್ಬ ಸಾಕು. ಭಾನುವಾರ ಸಂಜೆ ಮಂದೆ ಹಿಂದೂಪುರದ ಹೊರಗೆ, ಪೆನುಕೊಂಡ ರಸ್ತೆಯ ಎಡಕ್ಕೆ, ಬೀಳು ಹೊಲದಲ್ಲಿ ಇರುತ್ತದೆ. ಬಂದವರಿಗೆ ಕೋಲು ಕೊಡುತ್ತೇನೆ. ಯಾರೂ ಬರದಿದ್ದರೆ ಸೋಮವಾರ ಲಾರಿ. ನಿಮಗೆಲ್ಲ ಶರಣು.'

ಒಂಬೈನೂರು ಕೈಮುಗಿದವು. ಇನ್ನೂರು ಹಳದಿ ಮುಖಗಳು ಅತ್ತವು. ಅರವತ್ತು ಜನ, ಹಾಗಾದರೆ ಈಗ ಟಗರು ರೇಟ್ ಕಮ್ಮಿ ಆಗುತ್ತಾ ಎಂದು ಕೇಳಿದರು.

"ಯಾರಾನ ಬತ್ತಾರ ಬಾವ?" ಎಂದ ಮುತ್ಯಾಲಪ್ಪ. ಆ ದಿನದ ಆರು ಮಾತಿನಲ್ಲಿ ಮೂರು ಅದಕ್ಕೇ ಖರ್ಚಾದವು.

"ಒಬ್ಬ ನನ್ಮಗನೂ ಬರಾಕಿಲ್ಲ. ಬೆರಳಲ್ಲಿ ಬದುಕೋ ಜನ ಕಣ್ಲಾ ಅವು, ಕಾಲಲ್ಲಿ ಬತ್ತಾವ?" ಎಂದ ಬೈರಣ್ಣ.

ಹಾಗೆಂದವನು ಭಾನುವಾರ ಬೆಳಿಗ್ಗೆ ಗಡ್ಡ ಹೆರೆದುಕೊಂಡ. ಪೇಟ ಒಗೆದು ಜಾಲಿ ಮರದ ಮೇಲೆ ಹರವಿದ. ಓದುಗರಿಗೆಂದು ಬರೆದಿಟ್ಟಿದ್ದ ಏಳು ಪುಟದ ವಿದಾಯವನ್ನು ಮಡಚಿ ಬನಿಯನ್ ಜೇಬಿಗೆ ಸೇರಿಸಿದ. 

ನಾಲ್ಕು ಗಂಟೆಗೆ ಒಂದು ಕಾರು ಬಂತು. ಇಳಿದವನು ಹಿಂದೂಪುರದಲ್ಲಿ ಜಿಮ್ ನಡೆಸುವ ರವಿತೇಜ. ಎಲ್ಲ ಬಿಟ್ಟು ಬರುತ್ತೇನೆಂದು ಅವನೊಬ್ಬನೇ ಎಂಬತ್ತಾರು ಸಲ ಬರೆದಿದ್ದ. ತೋಳುಗಳು ಒಂದೊಂದೂ ಟಗರಿನ ಕತ್ತಿನಷ್ಟು ದಪ್ಪ. ಬಿಟ್ಟು ಬರಬೇಕಾದದ್ದನ್ನೆಲ್ಲ ಅವನು ಒಂದು ಚೀಲದಲ್ಲಿ ತುಂಬಿ ಬೆನ್ನಿಗೆ ಹಾಕಿಕೊಂಡೇ ಬಂದಿದ್ದ. ಉದ್ದ ಕಡ್ಡಿಗೆ ಕ್ಯಾಮೆರಾ ಸಿಕ್ಕಿಸಿ ಮಂದೆಯ ಸುತ್ತ ಮೂರು ಪ್ರದಕ್ಷಿಣೆ ಹಾಕಿದ, ಸರ್ಪಂಚನ ಜೊತೆ ಫೋಟೋ ತೆಗೆಸಿಕೊಂಡ. ಮಲಗುವುದೆಲ್ಲಿ ಎಂದು ವಿಚಾರಿಸಿದ. ಕುರಿಗಳ ನಡುವೆ ಎಂದ ಬೈರಣ್ಣ. ಸ್ನಾನ ಎಲ್ಲಿ ಎಂದ. ಯುಗಾದಿಗೆ ಎಂದ ಬೈರಣ್ಣ. ಕೊನೆಗೊಂದು ಫೋಟೋ ಎಂದು ಮರಿಯನ್ನು ಎದೆಗವಚಿಕೊಂಡಾಗ ಅದು ತನಗೆ ತಿಳಿದ ರೀತಿಯಲ್ಲಿ ಅವನನ್ನು ಬರಮಾಡಿಕೊಂಡಿತು. ಹೊಕ್ಕುಳಿಂದ ಶೂಸಿನವರೆಗೆ ತೊಯ್ದ ರವಿತೇಜ, ಹೆಂಡತಿಯನ್ನು ಒಂದು ಮಾತು ಕೇಳಿ ಬರುತ್ತೇನೆ ಎಂದು ಕಾರು ಹತ್ತಿದ. ಅವನಿಗೆ ಇನ್ನೂ ಮದುವೆಯೇ ಆಗಿಲ್ಲವೆಂಬುದು ಆಮೇಲೆ ತಿಳಿಯಿತು.

"ನಾನ್ ಹೇಳ್ಲಿಲ್ವ?" ಎಂದ ಬೈರಣ್ಣ. ಮಾತಿನಲ್ಲಿ ಗೆದ್ದ ಜಂಬವಿತ್ತು, ಮುಖದಲ್ಲಿ ಇರಲಿಲ್ಲ.

ಐದೂವರೆಗೆ ರಸ್ತೆಯ ಕಡೆ ಧೂಳೆದ್ದಿತು. ಮೊದಲು ಎರಡು ಬೈಕು, ಹಿಂದೆ ಒಂದು ಆಟೋ, ಅದರ ಹಿಂದೆ ಟ್ರಾಕ್ಟರು, ಮತ್ತೆ ಬೈಕುಗಳು. ಹೆಂಗಸರು ಗಂಡಸರು ಸೇರಿ ನಲವತ್ತು ಜನ ಇಳಿದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು: ರಾಗಿ ಚೀಲ, ಬದನೆಕಾಯಿ ಬುಟ್ಟಿ, ಕಾಲು ಕಟ್ಟಿದ ಹುಂಜ.  ಎಂಟು ವರ್ಷ ಬಾಯಿಗೆ ಬಂದಂತೆ ಬೈದನಲ್ಲ ಈ ಜನವನ್ನು, ನೋಡು, ಕಾಣಿಕೆ ಹಿಡಿದು ಬೀಳ್ಕೊಡಲು ಬಂದಿದ್ದಾರೆ. ಕಣ್ಣು ತುಂಬಿತು. ಧೂಳು ಎಂದು ಮುತ್ಯಾಲಪ್ಪನಿಗೆ ಹೇಳಿ, ನೋಯುವ ಮಂಡಿಯಲ್ಲೇ ಒಂದು ಬಂಡೆ ಹತ್ತಿ, ಏಳು ಪುಟವನ್ನು ಹೊರತೆಗೆದು ಗಂಟಲು ಸರಿಮಾಡಿಕೊಂಡ.

ಅವನ ಕಡೆ ಒಬ್ಬರೂ ತಿರುಗಿರಲಿಲ್ಲ. ನಲವತ್ತು ಜನವೂ ಒಬ್ಬರ ಮುಖ ಒಬ್ಬರು ನೋಡುತ್ತ, ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ನಿಂತಿದ್ದರು.

"ನೀನ್ಯಾಕ್ಲಾ ಬಂದೆ ಇಲ್ಲಿ?" ಎಂದ ಭೀಮೇಶ್ ಎಂಬ ರೈತ, ತನ್ನ ಪಕ್ಕದ ಹೊಲದ ಅಂಬರೀಶನಿಗೆ.

"ನೀನ್ಯಾಕ್ ಬಂದ್ಯೋ ಅದ್ಕೇಯ."

"ಫೋನೇ ನೋಡಾಕಿಲ್ಲ ಅಂತಿದ್ದೆ?"

"ನಿನ್ ಫೋನು ಕೆಟ್ಟೋಗಿ ಮೂರೊರ್ಷ ಆಯ್ತು ಅಂತಿದ್ದೆ ನೀನು."

ಇಬ್ಬರ ಹೊಲದ ನಡುವೆ ಇದ್ದದ್ದು ಒಂದು ಬದು. ಎಂಟು ವರ್ಷದಿಂದ ಇಬ್ಬರೂ ಬದುವಿನ ಆಚೀಚೆ ಕೂತು, ಬೆನ್ನು ತಿರುಗಿಸಿಕೊಂಡು, ಬೈರಣ್ಣನನ್ನೇ ಓದುತ್ತಿದ್ದರು. ನಲವತ್ತು ಜನದ ಕತೆಯೂ ಅಷ್ಟೇ. ಬಂಡೆಯ ಮೇಲೆ ನಿಂತ ಬೈರಣ್ಣನಿಗೆ ಇದನ್ನು ಬಿಡಿಸಿ ಹೇಳಿದವಳು ಮಲ್ಲೇಶ್ವರಿ. ಪೆನುಕೊಂಡ ರಸ್ತೆಯ ಹಳ್ಳಿಯವಳು, ಎರಡೆಕರೆಯ ಒಡತಿ, ನಲವತ್ತೈದರ ಹೆಂಗಸು. ಹಿಂದೆ ಅವಳ ಗಂಡ ಓಬುಳಪತಿ ಹುಂಜ ಹಿಡಿದುಕೊಂಡು ನಿಂತಿದ್ದ.

ಅವಳು ಹೇಳಿದ್ದಿಷ್ಟು. ಮಂದೆ ಇವತ್ತೆಲ್ಲಿ, ನಾಳೆ ಯಾವ ದಿಕ್ಕಿಗೆ ಎಂದು ಬೈರಣ್ಣ ದಿನಾ ಬರೆಯುತ್ತಿದ್ದ. ಮೊದಲು ಓದಿದವರು ಮೊದಲು ಹೋಗಿ, ದಾರಿಯಲ್ಲಿ ಅಕಸ್ಮಾತ್ ಕಂಡವರಂತೆ ಕರೆದು, ತಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಲೈಕು ಒತ್ತಿದರೆ ಪಕ್ಕದ ಹೊಲದವನಿಗೆ ಸುಳಿವು ಹತ್ತುತ್ತದೆ, ಆದ್ದರಿಂದ ಯಾರೂ ಒತ್ತುತ್ತಿರಲಿಲ್ಲ. ಗುರುವಾರದ ವಿದಾಯವನ್ನು ಓದಿದ ನಲವತ್ತು ಜನಕ್ಕೂ ಅದರಲ್ಲಿ ಕಂಡದ್ದು ಒಂದೇ: ಭಾನುವಾರ ಸಂಜೆ ಮಂದೆ ಎಲ್ಲಿರುತ್ತದೆ ಎಂಬುದು. ಹಿಕ್ಕೆಗೆ ಇದೇ ಕಡೆಯ ರಾತ್ರಿ.

ಬೈರಣ್ಣ ಬಂಡೆಯಿಂದ ಇಳಿದ. ಇಳಿಯುವಾಗ ಮಂಡಿಯ ಜೊತೆ ಬೇರೇನೋ ಲಟಕ್ಕೆಂದಿತು.

"ಎಂಟೊರ್ಷ ನಾನ್ ಬರ್ದಿದ್ದು ಹಿಕ್ಕೆಗೇನಮ್ಮ?"

"ಇನ್ಯಾತಕ್ಕಣ್ಣ?" ಎಂದಳು ಮಲ್ಲೇಶ್ವರಿ. ಅಣಕವೇನೂ ಇರಲಿಲ್ಲ, ನಿಜವಾಗಿ ತಿಳಿಯದೆ ಕೇಳಿದ್ದಳು. ಸೆರಗಿನೊಳಗಿಂದ ಮಗಳ ಹಳೇ ಶಾಲೆ ನೋಟುಬುಕ್ಕು ತೆಗೆದಳು. "ಇದ್ರಾಗೆ ಎಲ್ಲಾ ಐತೆ ನೋಡು. ಯಾವೂರಾಗೆ ನೀರು, ಯಾರ್ ಬದುವಿನ ನಾಯಿ ಕಚ್ತದೆ, ಯಾರು ಹಳಸಿದ್ದು ಇಕ್ತಾರೆ. ಒಂದಿನಾನೂ ಬಿಟ್ಟಿಲ್ಲ. ಚಂದ್ರನ್ನ ಮಾತ್ರ ಬಿಟ್ಟು ಬರ್ಕೊಂಡಿವ್ನಿ."

ಬೈರಣ್ಣ ಪುಟ ತಿರುವಿದ. ಮೂರು ಸಾವಿರ ಪುಟದ ತನ್ನ ಬಾಳು ನಲವತ್ತು ಹಾಳೆಗೆ ಇಳಿದಿತ್ತು. 

ಅಷ್ಟರಲ್ಲಿ ಜಗಳ ಎದ್ದಿತ್ತು. ಒಂದು ರಾತ್ರಿಗೆ ನಲವತ್ತು ಹೊಲ. ಭೀಮೇಶ್ ತನ್ನದು ಕೆಂಪು ಮಣ್ಣು, ಮೊದಲ ಹಕ್ಕು ತನಗೆ ಎಂದ. ಅಂಬರೀಶ್ ಮಂದೆಯನ್ನು ಬದುವಿನ ಮೇಲೆ ನಿಲ್ಲಿಸಿ ಕುರಿಗಳ ಹಿಂಭಾಗವನ್ನು ತನ್ನ ಹೊಲದ ಕಡೆ ತಿರುಗಿಸಬೇಕೆಂದು ರಾಜಿ ಸೂತ್ರ ಹೇಳಿದ. ಗಲಾಟೆಗೆ ಹೆದರಿ ಹುಂಜಗಳು ಕೂಗಿದವು. ಸರ್ಪಂಚ್ ಒಬ್ಬನೇ ಗಂಭೀರವಾಗಿ ಬದನೆಕಾಯಿ ತಿನ್ನುತ್ತಿದ್ದ.

"ಬಾಯ್ ಮುಚ್ರಿ," ಎಂದ ಬೈರಣ್ಣ. ಕುರಿಗಳು ಕೂಡ ಬಾಯಿ ಮುಚ್ಚಿದವು. "ಹಿಕ್ಕೆ ಎಲ್ರಿಗೂ ಬೇಕು. ಕೋಲು ಯಾರಿಗ್ ಬೇಕು ಹೇಳ್ರಿ. ನಾಳೆ ಲಾರಿ ಬತ್ತದೆ. ಮುಂದಿನ ವರ್ಷ ಹೊಲಕ್ಕೆ ನಿಮ್ ಫೋನ್ ಹೂತ್ಕೊಳ್ರಿ."

ನಲವತ್ತು ಜನವೂ ತಮ್ಮ ತಮ್ಮ ಚಪ್ಪಲಿ ಹೊಸದಾಗಿ ಕೊಂಡವರಂತೆ ನೆಲ ನೋಡತೊಡಗಿದರು. ಭೀಮೇಶನಿಗೆ ಬೆನ್ನು ನೋವಿತ್ತು. ಅಂಬರೀಶನಿಗೆ ಎರಡು ಎಮ್ಮೆಯಿದ್ದವು. ಮಿಕ್ಕವರಿಗೆ ಆ ಎರಡರಲ್ಲಿ ಒಂದು ಆಗಿಂದಾಗಲೇ ಬಂತು.

ಮಲ್ಲೇಶ್ವರಿ ಗಂಡನ ಕಡೆ ನೋಡಿದಳು. ಓಬುಳಪತಿ ಹುಂಜವನ್ನು ಕೆಳಗಿಟ್ಟ. ಅವರಿಬ್ಬರ ಮಾತುಕತೆ ಅಷ್ಟರಲ್ಲೇ ಮುಗಿಯಿತು.

"ನಮ್ಮಪ್ಪಂದೂ ಕುರೀನೆ, ನಾನು ಮಂದೇಲೇ ಬೆಳ್ದೋಳು," ಎಂದಳು ಅವಳು. "ಹದಿನೈದ್ ದಿನ ನಾನು, ಹದಿನೈದ್ ದಿನ ನಮ್ ಯಜಮಾನ್ರು. ಮುತ್ಯಾಲಪ್ಪಣ್ಣ ಹೆಂಗೂ ಅವ್ನೆ. ಆದ್ರೆ ಒಂದ್ ಮಾತು. ಆ ಪೇಜು ಮುಚ್ಬೇಕು."

ಬೈರಣ್ಣ ಯಾಕೆಂದು ಕೇಳಿದ. ಕೇಳುವ ಅಗತ್ಯವಿರಲಿಲ್ಲ. ಪೇಜು ತೆರೆದಿದ್ದರೆ ದಾರಿಯೆಲ್ಲ ಈ ಜನವೇ ಅಡ್ಡ ನಿಲ್ಲುತ್ತಾರೆ. ದಾರಿ ನೋಟುಬುಕ್ಕಿನಲ್ಲಿದೆ, ಅದು ತನಗೆ ತಿಳಿದರೆ ಸಾಕು, ನಡೆಯುವವರು ತಾವು ತಾನೆ ಎಂದಳು.

ಆಗ ಎದ್ದಿತು ನೋಡಿ ಬೊಬ್ಬೆ. ಮೂವತ್ತೆಂಟು ಜನ ಬೈರಣ್ಣನನ್ನು ಸುತ್ತುವರಿದರು. ಬರೆಯುವುದು ನಿಲ್ಲಿಸಬಾರದು ಎಂದರು, ನಿನ್ನನ್ನು ಓದದೆ ನಮಗೆ ಬೆಳಗಾಗುವುದಿಲ್ಲ ಎಂದರು. ಭೀಮೇಶ್ ಕಾಲು ಹಿಡಿಯಲೂ ಬಗ್ಗಿದ, ಬೆನ್ನು ನೋವು ನೆನಪಾಗಿ ಅರ್ಧಕ್ಕೆ ನಿಂತ. ಮೂವತ್ತೆಂಟು ಜನ ಕೈಮುಗಿದು, ಬರಿ, ಬರಿ ಎನ್ನುವ ಗಳಿಗೆಯೊಂದಕ್ಕಾಗಿ ಬೈರಣ್ಣ ಎಂಟು ವರ್ಷ ಕಾದಿದ್ದ. ಅದು ಬಂದಿತ್ತು, ಮೈಯೆಲ್ಲ ಹಿಕ್ಕೆಯ ವಾಸನೆ ಮೆತ್ತಿಕೊಂಡು ಬಂದಿತ್ತು. ಆದರೂ ಬಿಟ್ಟುಕೊಡಲು ಸಂಕಟವಾಯಿತು. ಆ ಸಂಕಟವನ್ನು ಕಂಡು ತನ್ನ ಮೇಲೇ ಅವನಿಗೆ ಅಸಹ್ಯವಾಯಿತು: ಟಗರು ರೇಟಿನವರಿಗೂ ನನಗೂ ಏನು ವ್ಯತ್ಯಾಸ, ನಾನೂ ನನ್ನ ರೇಟು ಕೇಳುತ್ತ ಕೂತಿದ್ದೆನಲ್ಲ.

ಬಲೆಯೊಳಗೆ ಮೊಂಡಿ ಕತ್ತೆತ್ತಿ ನಾಳೆಯ ದಾರಿಯ ಕಡೆ ನೋಡುತ್ತಿತ್ತು. ನಾಳೆಯ ದಾರಿಯಲ್ಲಿ ಲಾರಿ ಇರುತ್ತದೆಂದು ಅದಕ್ಕೆ ಅದರ ಅಜ್ಜಿ ಹೇಳಿರಲಿಲ್ಲ.

ಬೈರಣ್ಣ ಫೋನು ತೆಗೆದ. ಏಳು ಪುಟವನ್ನು ಸರ್ಪಂಚನಿಗೆ ಕೊಟ್ಟ, ಅವನು ಚಂದ್ರನಿಂದಲೇ ಶುರುಮಾಡಿ ತಿಂದ. ಪೇಜಿನಲ್ಲಿ ಮೂರೇ ಸಾಲು ಬರೆದ: 'ಲಾರಿ ಬರುವುದಿಲ್ಲ. ಮಂದೆ ನಡೆಯುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ. ನೀವು ನಿಮ್ಮ ನಿಮ್ಮ ನೆಮ್ಮದಿ ನೋಡಿಕೊಳ್ಳಿ.' ಮುಚ್ಚುವುದು ಹೇಗೆಂದು ಸುಷ್ಮಾಳಿಗೆ ಫೋನ್ ಮಾಡಿ ಕೇಳಿದ.

"ಖಾತ್ರಿನಾ ಅಂತ ಇನ್ನೊಂದ್ಸಲ ಕೇಳ್ತದೆ ದೊಡ್ಡಪ್ಪ," ಎಂದಳು ಅವಳು. "ಯೋಚ್ನೆ ಮಾಡಿ ಒತ್ತು."

ಒತ್ತುವ ಮುಂಚೆ ಬೈರಣ್ಣ ಕೆಳಗೆ ನೋಡಿದ. ಆಗಲೇ ಒಂದು ಮಾತು ಬಿದ್ದಿತ್ತು. 'ಹೋಗಲಿ ಬಿಡಿ ಅಣ್ಣಾ. ಟಗರು ರೇಟ್?'

ಯೋಚನೆ ಮಾಡದೆ ಒತ್ತಿದ. ಕೋಲನ್ನು ಮಲ್ಲೇಶ್ವರಿಯ ಕೈಗಿಟ್ಟ. ಆ ರಾತ್ರಿ ಮಂದೆ ಅವಳ ಹೊಲದಲ್ಲೇ ಮಲಗಿತೆಂದು ಬೇರೆ ಹೇಳಬೇಕಾಗಿಲ್ಲ.

ಜೂನ್ ತಿಂಗಳಿಗೆ ಬೈರಣ್ಣ ಕಲ್ಯಾಣದುರ್ಗದಲ್ಲಿ ಪಳಗಿಹೋಗಿದ್ದ, ಅಂದರೆ ಬೀದಿಯ ನಾಯಿಗಳೆಲ್ಲ ಅವನ ಹಿಂದೆ ಸಾಲಾಗಿ ನಡೆಯುತ್ತಿದ್ದವು. ಚಂದ್ರ ಮನೆಯ ಮೇಲೆಯೇ ಹಾಯುತ್ತಿದ್ದ. ಅದರ ಬಗ್ಗೆ ಶಿವಲಕ್ಷ್ಮಮ್ಮನಿಗೆ ಹೇಳಹೋದರೆ, ದಿನಾ ಬರ್ತಾನಲ್ಲ, ಅದರಲ್ಲೇನು ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಫೋನು ಬಂತು. ಮಲ್ಲೇಶ್ವರಿ.

ಮಂದೆ ಬೆಳುಗುಪ್ಪದ ಹತ್ತಿರ ಬಂದಿತ್ತು. ಮಳೆ ತಡವಾಗಿ, ನೆಚ್ಚಿಕೊಂಡ ಕೆರೆ ಬತ್ತಿತ್ತು. ಮೂರು ವರ್ಷದ ಕೆಳಗೂ ಹೀಗೇ ಆಗಿ ಬೈರಣ್ಣ ಒಂದು ಬಾವಿಯಲ್ಲಿ ಕುರಿಗಳಿಗೆ ನೀರು ಕುಡಿಸಿದ್ದ. ನೋಟುಬುಕ್ಕಿನಲ್ಲಿ 'ಬೆಳುಗುಪ್ಪ, ಕೆರೆ ಒಣಗಿದೆ' ಎಂದಷ್ಟೇ ಇತ್ತು. ಆ ವರ್ಷ ಮುತ್ಯಾಲಪ್ಪ ಜ್ವರ ಬಂದು ಊರು ಸೇರಿದ್ದರಿಂದ ಅವನಿಗೂ ಗೊತ್ತಿಲ್ಲ.

"ಆ ವರ್ಷ ನೀರು ಎಲ್ಲಿ ಕುಡ್ಸಿದೆ ಅಂತ ನೀನು ಬರೀನೇ ಇಲ್ಲ ಕಣಣ್ಣ," ಎಂದಳು.

"ಬರೀದೆ ಏನಮ್ಮ? ಒಂದು ಬಾವಿ ಐತೆ, ಚಂದ್ರ ಬಿದ್ದಿದ್ದೇ ಅದ್ರಾಗೆ. ಎರಡನೇ ಪುಟದಾಗೆ ಐತೆ. ನೀನೇ ಬಿಟ್ಟುಬುಟ್ಟಿದ್ದೀಯ."

 ಆ ಕಡೆ ಕುರಿಗಳು ಅರಚುವುದು ಕೇಳಿಸಿತು. ಆ ದನಿಗಳಲ್ಲಿ ಮೊಂಡಿಯದು ಯಾವುದೆಂದು ಬೈರಣ್ಣನಿಗೆ ತಿಳಿಯಿತು.

"ಹೇಳಣ್ಣ, ಬಾಯಾರ್ತಾವೆ," ಎಂದಳು.

"ಕಲ್ಲು ಮಂಟಪದ ಹಿಂದೆ ಎರಡು ಹುಣಸೆ ಮರ. ಮಧ್ಯೆ ಇಳ್ಜಾರಾಗೆ ಬಾವಿ. ಮೊದ್ಲು ಹೋಗಿ ನೀರು ಕುಡ್ಸು," ಎಂದ ಬೈರಣ್ಣ. "ಕುಡ್ಸಿ, ಪೆನ್ನು ತಕ್ಕೊಂಡು ಕುಂತ್ಕೊ. ಮಿಕ್ಕಿದ್ದೂ ಹೇಳ್ತೀನಿ, ಬರ್ಕೊ. ಇನ್ನೆಷ್ಟು ಬಾವಿ ಮುಳುಗ್ಸಿದ್ದೀಯೋ ಏನ್ ಕತೆಯೋ."

ಒಂದು ಗಂಟೆಯ ಮೇಲೆ ಅವಳೇ ಫೋನ್ ಮಾಡಿದಳು. ಕುರಿಗಳು ಸುಮ್ಮನಿದ್ದವು. ಬೈರಣ್ಣ ಗೋಡೆಗೊರಗಿ, ಕಣ್ಣುಮುಚ್ಚಿ, ಮೊದಲಿನಿಂದ ಬಾಯಿಪಾಠ ಹೇಳತೊಡಗಿದ. ಎರಡು ಸಾಲು ಹೇಳುವಷ್ಟರಲ್ಲಿ ಅವಳು ತಡೆದಳು.

"ಒಂದ್ನಿಮಿಷ ಅಣ್ಣ. ಚಂದ್ರಂಗೆ ಎಷ್ಟು ಜಾಗ ಬಿಡ್ಲಿ?"

"ಮೂರು ಪುಟ ಬಿಡಮ್ಮ," ಎಂದ ಬೈರಣ್ಣ.